ಚಕ್ರವರ್ತಿಯ ಗದ್ದದ ಬಿರುಕು

ಒಂದೇ ಅಚ್ಚಿನಿಂದ ಬಿದ್ದ ಎರಡು ನಾಣ್ಯಗಳ ಫೋಟೊ ಸಿಕ್ಕಾಗ ನನಗಾಗುವ ಖುಷಿ ಮನೆಯವರಿಗೆ ತಲುಪುವುದಿಲ್ಲ. ‘ನೋಡೇ, ಎರಡೂ ಒಂದೇ ಥರ!’ ಎಂದು ನಾನು ಕೂಗಿದರೆ, ‘ನಾಣ್ಯ ಅಂದಮೇಲೆ ಒಂದೇ ಥರ ಇರದೆ ಇನ್ನೇನ್ರೀ?’ ಎನ್ನುತ್ತಾಳೆ ಹೆಂಡತಿ. ನಮ್ಮ ಐದು ರೂಪಾಯಿಯ ಮಟ್ಟಿಗೆ ಅವಳ ಮಾತು ಸರಿ. ಆದರೆ ರೋಮನ್ ಚಕ್ರವರ್ತಿಗಳ ಕಾಲದಲ್ಲಿ ಪೂರ್ವಪ್ರಾಂತಗಳ ಊರೂರೂ ತನ್ನ ಪೇಟೆಯ ಚಿಲ್ಲರೆಗೆಂದು ಕಂಚಿನ ನಾಣ್ಯ ಹೊಡೆಸುತ್ತಿತ್ತು. ಒಂದೊಂದು ಅಚ್ಚನ್ನೂ ಕೈಯಲ್ಲೇ ಕೆತ್ತಬೇಕು. ಎರಡು ಅಚ್ಚು ತದ್ರೂಪು ಬರಲಿ ಎಂದು ಕೆತ್ತುವವನೇ ಹಟ ಹಿಡಿದರೂ ಬಾರದು.

ನಾನು ಅಂಟಿಕೊಂಡಿರುವುದು ಮಾರ್ಸಿಯಾನೊಪೊಲಿಸ್‌ಗೆ. ಈಗಿನ ಬಲ್ಗೇರಿಯಾದ ದೆವ್ನ್ಯಾ. ಟ್ರಾಜನ್ ದೊರೆ ತನ್ನ ಅಕ್ಕ ಮಾರ್ಸಿಯಾನಾಳ ಹೆಸರಿಟ್ಟ ಊರು. ಅಲ್ಲಿಯ ಐದು ಅಸ್ಸಾರಿಯದ (ಆ ಕಾಲದ ಚಿಲ್ಲರೆಯ ಎಣಿಕೆ) ನಾಣ್ಯದ ಮುಂಬದಿಯಲ್ಲಿ ಇಬ್ಬರು ಮುಖಾಮುಖಿ. ಒಂದು ಕಡೆ, 238ರಲ್ಲಿ ಹದಿಹರೆಯದಲ್ಲೇ ಪಟ್ಟಕ್ಕೆ ಬಂದ ಮೂರನೆಯ ಗೋರ್ಡಿಯನ್. ಎದುರಿಗೆ, ಧಾನ್ಯ ಅಳೆಯುವ ಕೊಳಗವನ್ನು ತಲೆಯ ಮೇಲೆ ಹೊತ್ತ ಸೆರಾಪಿಸ್ ದೇವರು. ಹಿಂಬದಿಯಲ್ಲಿ ಒಬ್ಬ ದೇವತೆಯೋ ಸುರುಳಿ ಸುತ್ತಿದ ಹಾವೋ, ಜೊತೆಗೆ ಎಪ್ಸಿಲಾನ್ ಅಕ್ಷರ. ಗ್ರೀಕರ ಲೆಕ್ಕದಲ್ಲಿ ಅದೇ 5.

ಅಚ್ಚು ಗುರುತಿಸಲು ಹೊರಟವರು ಮೊದಲು ಮುಖ ನೋಡುತ್ತಾರೆ. ನೋಡಬಾರದು. ಸವೆದ ಮೂಗು ಯಾರದ್ದಾದರೂ ಆಗಬಹುದು. ಮೂಗಿನ ತುದಿಗೆ ಯಾವ ಅಕ್ಷರ ಎದುರಾಗಿದೆ, ತಲೆಯ ಹಿಂದಿನ ಪಟ್ಟಿಯ ತುದಿ ಎರಡು ಅಕ್ಷರಗಳ ನಡುವೆ ಎಲ್ಲಿ ನುಗ್ಗಿದೆ ಎಂಬುದನ್ನು ನೋಡಬೇಕು. ನಾಣ್ಯ ಸವೆಯಲಿ, ಏಟು ಓರೆಯಾಗಿ ಬಿದ್ದಿರಲಿ, ಈ ಅಂತರಗಳು ಅಲ್ಲಾಡುವುದಿಲ್ಲ. ಇನ್ನು ಗದ್ದದಿಂದ ಅಂಚಿನವರೆಗೆ ಅಚ್ಚಿನದೇ ಒಂದು ಬಿರುಕು ಓಡಿದ್ದರಂತೂ ಹಬ್ಬ. ಕೆತ್ತನೆ ಎಷ್ಟು ಚೆನ್ನಾಗಿದ್ದರೂ ಅಚ್ಚು ಹುಡುಕುವ ನಮಗೆ ಅಷ್ಟಕ್ಕಷ್ಟೆ. ಊನವಿದ್ದರೆ ಮಾತ್ರ ಮಾತಾಡಿಸುತ್ತೇವೆ.

ಚಕ್ರವರ್ತಿಯ ಅಚ್ಚು ಸಾಮಾನ್ಯವಾಗಿ ಅಡಿಗಲ್ಲಿನಲ್ಲಿ ಭದ್ರವಾಗಿ ಕೂತಿರುತ್ತದೆ. ಸುತ್ತಿಗೆಯ ಏಟನ್ನು ನೇರವಾಗಿ ತಿನ್ನುವುದು ಮೇಲೆ ಹಿಡಿದ ಹಿಂಬದಿಯ ಅಚ್ಚು. ಆದ್ದರಿಂದ ದೇವತೆಗಳು ಒಬ್ಬೊಬ್ಬರಾಗಿ ಸೀಳಿಹೋಗಿ ಬದಲಾಗುತ್ತಾರೆ, ದೊರೆ ಹಾಗೇ ಇರುತ್ತಾನೆ. ಏಟು ತಿನ್ನುವ ಕೆಲಸ ಯಾವ ಕಾಲದಲ್ಲೂ ದೊರೆಯ ಪಾಲಿಗೆ ಬಂದದ್ದು ಕಡಿಮೆ. ಒಂದು ಮುಂಬದಿ ಹಲವು ಹಿಂಬದಿಗಳ ಜೊತೆ, ಅವುಗಳಲ್ಲೊಂದು ಇನ್ನೊಂದು ಮುಂಬದಿಯ ಜೊತೆ, ಹೀಗೆ ಸರಪಳಿ ಬೆಳೆಯುತ್ತದೆ. ಒಂದು ಅಚ್ಚು ಇಲ್ಲಿ ಸರಿಯಾಗಿದ್ದು ಅಲ್ಲಿ ಬಿರುಕು ಬಿಟ್ಟಿದ್ದರೆ, ಇದು ಮೊದಲು, ಅದು ಆಮೇಲೆ.

ಅದರಿಂದೇನು ಪ್ರಯೋಜನ ಎನ್ನುತ್ತೀರಾ? ಮ್ಯಾಕ್ರಿನಸ್ 217–218ರಲ್ಲಿ ಆಳಿದ್ದು ಸುಮಾರು 14 ತಿಂಗಳು. ಅಷ್ಟರಲ್ಲೇ ಈ ಊರಿನ ನಾಣ್ಯಗಳ ಹಿಂಬದಿಯಲ್ಲಿ ಪೊಂಟಿಯಾನಸ್, ಅಗ್ರಿಪ್ಪ ಎಂಬ ಇಬ್ಬರು ಪ್ರಾಂತಾಧಿಪತಿಗಳ ಹೆಸರು ಬರುತ್ತದೆ. ಯಾರು ಮೊದಲು ಎಂದು ನೋಡಲು ವರ್ಗಾವಣೆಯ ಆದೇಶಗಳು ಉಳಿದಿಲ್ಲ. ಇಬ್ಬರ ಹೆಸರಿಗೂ ಒಂದೇ ಮುಂಬದಿಯ ಅಚ್ಚು ಬಳಕೆಯಾಗಿದ್ದರೆ, ಬಿರುಕಿರುವ ಗದ್ದ ಯಾರ ಕಡೆಯದೋ ಅವರು ನಂತರ ಬಂದವರು. ಸೇವಾ ಪುಸ್ತಕಕ್ಕಿಂತ ನಂಬಬಹುದಾದ ದಾಖಲೆ.

ಆದರೆ ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಜರ್ಮನಿಯ ವಿದ್ವಾಂಸ ಕೊನ್ರಾಡ್ ಕ್ರಾಫ್ಟ್. ಏಷ್ಯಾ ಮೈನರಿನಲ್ಲಿ ಬೇರೆ ಬೇರೆ ಊರುಗಳು ಒಂದೇ ಮುಂಬದಿಯ ಅಚ್ಚನ್ನು ಹಂಚಿಕೊಂಡಿವೆ ಎಂದು ಅವನ 1972ರ ಪುಸ್ತಕ ರಾಶಿ ರಾಶಿಯಾಗಿ ತೋರಿಸಿತು. ಊರಿನ ಹೆಸರು, ದೇವರು, ನದಿ ಎಲ್ಲ ಹಿಂಬದಿಯಲ್ಲಿ. ಮುಂದೆ ಮಾತ್ರ ಅದೇ ದೊರೆ. ನಮ್ಮ ತಾಲೂಕಿನ ಪ್ರೆಸ್ಸಿನಲ್ಲಿ ಒಂದು ಗಣಪತಿ ಬ್ಲಾಕಿತ್ತು, ಸೊಂಡಿಲಿನ ತುದಿ ಚಕ್ಕೆ ಎದ್ದದ್ದು. ಯಾರ ಮದುವೆಯೇ ಆಗಲಿ, ಯಾವ ಊರಿನ ಛತ್ರವೇ ಆಗಲಿ, ಲಗ್ನಪತ್ರಿಕೆಯ ನೆತ್ತಿಯ ಮೇಲೆ ಅದೇ ಗಣಪತಿ. ಸೊಂಡಿಲು ನೋಡಿದರೆ ಸಾಕು, ಎಲ್ಲಿ ಅಚ್ಚಾಯಿತೆಂದು ಹೇಳಬಹುದಿತ್ತು. ಕ್ರಾಫ್ಟ್ ಹೇಳಿದ್ದೂ ಅದೇ: ಹಲವು ಊರುಗಳಿಗೆ ಕೆಲಸ ಮಾಡಿಕೊಡುವ ಕಾರ್ಖಾನೆಗಳಿದ್ದವು. ಕುಶಲಕರ್ಮಿಗಳೇ ಅಚ್ಚು ಕಟ್ಟಿಕೊಂಡು ಊರೂರು ತಿರುಗಿರಬಾರದೇಕೆ ಎಂದು ಕೇಳುವವರೂ ಇದ್ದಾರೆ. ನನ್ನ ಒಲವು ತಿರುಗುವವರ ಕಡೆಗೆ. ಸಾಕ್ಷಿಗಿಂತ ಹೆಚ್ಚಾಗಿ, ಮೂಟೆಯಲ್ಲಿ ಚಕ್ರವರ್ತಿಯನ್ನು ಹಾಕಿಕೊಂಡು ಸಂತೆಗೆ ನಡೆದವನ ಮೇಲಿನ ಪ್ರೀತಿಯಿಂದ.

ಸಂಗ್ರಹಕಾರರಿಗೂ ನಮಗೂ ಹೊಂದಿಕೆಯಾಗುವುದಿಲ್ಲ. ‘ಜಗತ್ತಿನಲ್ಲಿ ಇದೊಂದೇ ಉಳಿದಿರುವುದು’ ಎಂದರೆ ಅವರು ದುಡ್ಡು ಎಣಿಸತೊಡಗುತ್ತಾರೆ. ನಮಗೆ ಅದೇ ಸಂಕಟ. ಅಚ್ಚುಗಳಲ್ಲಿ ಬಹುಪಾಲು ಒಂದೊಂದೇ ನಾಣ್ಯದಲ್ಲಿ ಕಾಣುತ್ತಿದ್ದರೆ, ಇನ್ನೂ ಕಣ್ಣಿಗೆ ಬೀಳದ ಅಚ್ಚುಗಳು ಬಹಳ ಇವೆ ಎಂದೇ ಲೆಕ್ಕ. ಹಾಗಾಗಿ ಹರಾಜಿನ ಕ್ಯಾಟಲಾಗಿನಲ್ಲಿ ‘ಅಪರೂಪ’ ಎಂದಿರುವ ಪುಟ ದಾಟಿ, ಯಾರಿಗೂ ಬೇಡವಾದ, ಸವೆದ, ಹತ್ತು ಒಟ್ಟಿಗೆ ಮಾರಾಟಕ್ಕಿಟ್ಟ ಗುಂಪಿನ ಮಸುಕು ಫೋಟೊಗೆ ಭೂತಗನ್ನಡಿ ಹಿಡಿಯುತ್ತೇನೆ.