ಒರಿಜಿನಲ್ ಒರಿಜಿನಲ್ಲೇ!

‘ಚೆನ್ನಾಗಿ ಹಾಡಿದಾನೆ, ಆದರೂ ಒರಿಜಿನಲ್ ಒರಿಜಿನಲ್ಲೇ ಬಿಡಿ’ ಎನ್ನಲು ಸಂಗೀತ ಗೊತ್ತಿರಬೇಕಾಗಿಲ್ಲ. ಸ್ವಲ್ಪ ವಯಸ್ಸಾಗಿದ್ದರೆ ಸಾಕು. ಹೇಳುವಾಗ ಕಣ್ಣನ್ನು ಅರ್ಧ ಮುಚ್ಚಿ ನಿಟ್ಟುಸಿರೊಂದು ಬಿಟ್ಟಿರೋ, ಎದುರಿಗಿದ್ದವರು ನಿಮ್ಮನ್ನು ಮಾಜಿ ವಿದ್ವಾನ್ ಅಂತಲೇ ತಿಳಿಯುತ್ತಾರೆ.

ಹೈದರಾಬಾದಿನ ತಾರ್ನಾಕದಲ್ಲಿ ಈ ಮಾತಿನ ಹೋಲ್‌ಸೇಲ್ ವ್ಯಾಪಾರಿ ನಮ್ಮ ಎದುರು ಫ್ಲಾಟಿನ ಗಾರು. ಹೆಸರೊಂದಿದೆ, ಆದರೆ ಕಾಲೋನಿಗೆಲ್ಲ ತೆಲುಗಿನ ಬರೀ ‘ಗಾರು’, ಅಂದರೆ ‘ಅವರು’. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಹಾಡು ಕೂಡ ಹಳಿ ಬಿಟ್ಟು ಕದಲಬಾರದು ಎಂದು ನಂಬಿದವರು. ಬೆಳಿಗ್ಗೆ ಉಸ್ಮಾನಿಯಾ ಕ್ಯಾಂಪಸ್ಸಿನಲ್ಲಿ ವಾಕಿಂಗ್ ಹೆಸರಲ್ಲಿ ನಾವಿಬ್ಬರೂ ಜಗಳ ಆಡುತ್ತೇವೆ. ಡಾಕ್ಟರು ಹೇಳಿದ್ದು ನಡೆಯಲಿಕ್ಕೆ ಮಾತ್ರ.

ಒಂದು ದಿನ ನಾನು ‘ಜೊತೆಯಲಿ’ ಗುನುಗುತ್ತಿದ್ದೆ. ಗಾರು ಖುಷಿಯಿಂದ, ‘ಓ, ಚೀನೀ ಕಮ್!’ ಅಂದರು. ನನ್ನ ಬಿಪಿ ಏರಿತು. ನಿಂತಲ್ಲೇ ವಂಶಾವಳಿ ಒಪ್ಪಿಸಿದೆ: ಸ್ವಾಮಿ, ಇದು 1981ರ ‘ಗೀತಾ’, ನಮ್ಮ ಶಂಕರ್‌ನಾಗ್ ಚಿತ್ರ. ಇಳಯರಾಜ ಇದೇ ಟ್ಯೂನನ್ನು 1984ರಲ್ಲಿ ತಮಿಳಿನ ‘ನೂರಾವದು ನಾಳ್’ಗೆ ಒಯ್ದರು. 2007ರಲ್ಲಿ ಶ್ರೇಯಾ ಘೋಷಾಲ್ ಕೈಲಿ ಹಿಂದಿಯ ‘ಚೀನೀ ಕಮ್’ ಚಿತ್ರಕ್ಕೆ ಹಾಡಿಸಿದ್ದು ಆಮೇಲಿನ ಕತೆ. ಒರಿಜಿನಲ್ ಕನ್ನಡದ್ದು!

ಗಾರು ಶಾಂತವಾಗಿ ಕೇಳಿದರು: ‘ಹಾಡಿದ್ದು ಯಾರು?’ ಎಸ್ಪಿಬಿ, ಜಾನಕಿ ಅಂದೆ. ‘ಬಾಲು ಮಾ ನೆಲ್ಲೂರು ಕಡೆ. ಜಾನಕಮ್ಮ ಮಾ ಗುಂಟೂರು ಕಡೆ. ಟ್ಯೂನು ತಮಿಳಾಯನದು. ಚೀನೀ ಕಮ್‌ನ ತಬು ಅಂತೂ ಇದೇ ಹೈದರಾಬಾದಿನ ಹುಡುಗಿ. ನಿಮ್ಮದು ಏನುಂದಂಡೀ?’ ನಾನು ಡಾ. ರಾಜ್ ಅಸ್ತ್ರ ತೆಗೆಯುವಷ್ಟರಲ್ಲಿ ಪಿ.ಬಿ. ಶ್ರೀನಿವಾಸ್ ಅವರ ಕಾಕಿನಾಡ ಅಡ್ಡ ಬಂತು.

ಆ ರಾಜ್ ಪ್ರಕರಣ ಒರಿಜಿನಲ್‌ವಾದಿಗಳ ಪಾಲಿಗೆ ದೊಡ್ಡ ತಲೆನೋವು. ವರ್ಷಗಟ್ಟಲೆ ಅಣ್ಣಾವ್ರ ತುಟಿಗೆ ಪಿ.ಬಿ.ಎಸ್. ದನಿಯೇ ಒಪ್ಪಿಹೋಗಿತ್ತು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕೂತು ಅಣ್ಣಾವ್ರೇ ಹಾಡಿದಾಗ ನನ್ನ ಸೋದರಮಾವನಿಗೆ ಮನಸ್ಸೇ ಒಪ್ಪಲಿಲ್ಲವಂತೆ: ‘ಇದು ರಾಜ್‌ಕುಮಾರ್ ದನಿ ಅಲ್ಲ!’ ರಾಜ್‌ಕುಮಾರರೇ ರಾಜ್‌ಕುಮಾರರ ಕವರ್ ಹಾಡಿದ ಹಾಗಾಯಿತು.

ನನ್ನನ್ನು ಕೇಳಿದರೆ, ಒರಿಜಿನಲ್ ಅಂದರೆ ಮೊದಲು ಹುಟ್ಟಿದ್ದಲ್ಲ, ನಮ್ಮ ಕಿವಿಗೆ ಮೊದಲು ಬಿದ್ದದ್ದು. ಮೂರನೇ ಮಹಡಿಯ ಕನ್ನಡದ ಹುಡುಗಿಯೊಬ್ಬಳಿಗೆ ‘ಸೋರುತಿಹುದು’ ರಘು ದೀಕ್ಷಿತ್ ಹಾಡು. 2008ರ ಆ ಆಲ್ಬಂ ಕೇಳಿಯೇ ಬೆಳೆದವಳು. ನಾನು ಸಿ. ಅಶ್ವಥ್ ಹಾಡಿದ್ದನ್ನು ಕೇಳಿಸಿದೆ. ಪೂರ್ತಿ ಕೇಳಿ, ‘ಈ ಅಂಕಲ್ ಕವರ್ ಕೂಡ ಪವರ್‌ಫುಲ್ ಇದೆ’ ಅಂದಳು. ಸಿಟ್ಟು ಮಾಡಿಕೊಳ್ಳಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಆ ಪದ ಕಟ್ಟಿದ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರು ಶಿಶುನಾಳದಲ್ಲಿ ಹೇಗೆ ಹಾಡಿದರೋ, ಟೇಪ್‌ರೆಕಾರ್ಡರ್ ಇಟ್ಟುಕೊಂಡು ಯಾರೂ ಕೂತಿರಲಿಲ್ಲ. ಹುಡುಗಿ ಹೇಳಿದ್ದು ಸರಿಯೇ: ಅಶ್ವಥ್ ಕೂಡ ಕವರ್ರೇ. ಮಹಾ ಕವರ್, ಅಷ್ಟೆ.

ದಾಸರ ಪದಗಳದ್ದೂ ಇದೇ ಪಾಡು. ಪುರಂದರದಾಸರ ಸಾಹಿತ್ಯ ಉಳಿಯಿತು, ಅವರು ಕಟ್ಟಿದ ಮಟ್ಟುಗಳು ಬಹುಪಾಲು ಕಳೆದುಹೋದವು. ಹಾಗಾಗಿಯೇ ಶುಕ್ರವಾರ ಒಂದು ಮನೆಯಲ್ಲಿ ಭಾಗ್ಯದ ಲಕ್ಷ್ಮಿ ಮಧ್ಯಮಾವತಿಯಲ್ಲಿ ಮೆಲ್ಲಗೆ ಹೊಸಿಲು ದಾಟುತ್ತಾಳೆ. ಇನ್ನೊಂದು ಮನೆಯಲ್ಲಿ ಭೀಮಸೇನ ಜೋಶಿಯವರು ಕರೆದರೆ ಓಡಿಯೇ ಬರುತ್ತಾಳೆ. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ’ಯನ್ನು ಜಗತ್ತಿಗೆ ತೋರಿಸಿದ್ದು ಮದ್ರಾಸಿನ ಬಾಲಸರಸ್ವತಿ. ಸತ್ಯಜಿತ್ ರಾಯ್ 1976ರ ‘ಬಾಲಾ’ ಚಿತ್ರದಲ್ಲಿ ಅವರನ್ನು ಸಮುದ್ರದ ದಡದಲ್ಲಿ ನಿಲ್ಲಿಸಿ ಅದನ್ನೇ ಅಭಿನಯ ಮಾಡಿಸಿದರು. 1996ರಲ್ಲಿ ಕಲೋನಿಯಲ್ ಕಸಿನ್ಸ್, ಅಂದರೆ ಹರಿಹರನ್ ಮತ್ತು ಲೆಸ್ಲಿ ಲೂಯಿಸ್, ಗಿಟಾರ್ ಹಿಡಿದು ಇಂಗ್ಲಿಷಿನಲ್ಲೂ ಕರೆದರು. ಐನೂರು ವರ್ಷದಿಂದ ಬೇಗ ಬಾ ಅಂತ ಕರೆದರೂ ಬಾರದವನನ್ನು ಒಂದೇ ರಾಗದಲ್ಲಿ ಎಷ್ಟು ಸಲ ಕರೆಯೋದು?

ಸರ್ಕಾರಕ್ಕೂ ಕವರ್ ಬಗ್ಗೆ ಅಭಿಪ್ರಾಯ ಇದೆ. 80ರ ದಶಕದಲ್ಲಿ ಟಿ-ಸೀರೀಸ್‌ನವರು ಕಾನೂನಿನ ಸಂದಿಯಲ್ಲಿ ನುಸುಳಿ ರಫಿ, ಲತಾ ಹಾಡುಗಳನ್ನು ಹೊಸಬರಿಂದ ಹಾಡಿಸಿ ಅಗ್ಗದ ಕ್ಯಾಸೆಟ್ಟು ಮಾಡಿ ಊರಿಗೆಲ್ಲ ಹಂಚಿದರಲ್ಲ, ಆಮೇಲೆ ಬೇಲಿ ಬಂತು. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ, ಒಡೆಯರ ಒಪ್ಪಿಗೆ ಇಲ್ಲದೆ ಲೈಸೆನ್ಸಿನ ಮೇಲೆ ಕವರ್ ರೆಕಾರ್ಡು ಮಾಡುವುದಾದರೆ ಹಾಡು ಹುಟ್ಟಿ ಐದು ವರ್ಷ ಕಾಯಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಧನ ಕಟ್ಟಬೇಕು, ಮೇಲಾಗಿ ಹಾಡನ್ನು ಬೇಕಾಬಿಟ್ಟಿ ಬದಲಾಯಿಸಬಾರದು. ಬದಲಾಯಿಸದೆ ಹಾಡಿದರೆ ಕವರ್ ಯಾತಕ್ಕೆ, ಜೆರಾಕ್ಸ್ ಸಾಲದೆ?

ಹಾಗಂತ ಎಲ್ಲ ಕವರಿಗೂ ಚಪ್ಪಾಳೆ ಹೊಡೆಯುವ ಉದಾರಿ ನಾನಲ್ಲ. ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಅನ್ನುವಂತೆ ಪಿಸುಗುಟ್ಟಿ, ಯುಕುಲೇಲಿ ಕೆರೆದು, ಕುಣಿಯುವ ಹಾಡನ್ನೆಲ್ಲ ಜ್ವರ ಬರಿಸಿ ಮಲಗಿಸುವ ಇನ್‌ಸ್ಟಾಗ್ರಾಂ ಗಾಯಕರಿದ್ದಾರೆ. 1995ರ ‘ಹಮ್ಮಾ ಹಮ್ಮಾ’ಕ್ಕೆ 2017ರಲ್ಲಿ ರ್‍ಯಾಪ್ ಒಗ್ಗರಣೆ ಹಾಕಿದವರೂ ಇದ್ದಾರೆ. ಆ ವಿಷಯದಲ್ಲಿ ನಾನೂ ಗಾರೂ ಒಂದೇ ಪಾರ್ಟಿ.

ಗಾರು ಹಿಡಿದ ಪಟ್ಟನ್ನು ಕೊಂಚ ಅಲುಗಿಸಿದ್ದು ಅಮೆರಿಕದ ಗಾಯಕ ಜಾನಿ ಕ್ಯಾಶ್. ‘ಹರ್ಟ್’ ಎಂಬ ಇಂಗ್ಲಿಷ್ ಹಾಡನ್ನು ಟ್ರೆಂಟ್ ರೆಜ್ನರ್ ಮೂವತ್ತು ತುಂಬುವ ಮೊದಲೇ, 1994ರಲ್ಲಿ, ತನ್ನ ನೈನ್ ಇಂಚ್ ನೈಲ್ಸ್ ತಂಡಕ್ಕೆ ಹಾಡಿದ್ದ. ಕ್ಯಾಶ್ ಅದನ್ನೇ 2002ರಲ್ಲಿ ಹಾಡಿದಾಗ ಅವನಿಗೆ ಎಪ್ಪತ್ತು, ಮೈ ಪೂರ ಕಾಯಿಲೆ; ಮರುವರ್ಷ ಹೋಗಿಬಿಟ್ಟ. ಹುಡುಗನ ಬಾಯಲ್ಲಿ ಸಂಕಟವಾಗಿದ್ದ ಮಾತು ಮುದುಕನ ಬಾಯಲ್ಲಿ ಲೆಕ್ಕ ಚುಕ್ತಾ ಮಾಡಿದಂತೆ ಕೇಳುತ್ತದೆ. ಉಸ್ಮಾನಿಯಾದ ಆರ್ಟ್ಸ್ ಕಾಲೇಜಿನ ಮೆಟ್ಟಿಲ ಮೇಲೆ ಕೂತು ಎರಡನ್ನೂ ಫೋನಿನಲ್ಲಿ ಕೇಳಿಸಿದೆ. ಬೆಲ್ಜಿಯಂನ ಜಾಸ್ಪರ್ ಎಂಬಾತ ಎಲ್ಲೋರದ ಕಂಬಕ್ಕೆ ಅರಬ್ಬರ ಕಮಾನು ಬೆಸೆದು ನಕ್ಷೆ ಬರೆದ, ನಿಜಾಮರು 1939ರಲ್ಲಿ ಉದ್ಘಾಟಿಸಿದ ಕಟ್ಟಡ ಅದು. ಅಂಥ ಮೆಟ್ಟಿಲ ಮೇಲೆ ಕೂತವರು ಶುದ್ಧಿಯ ಮಾತಾಡಬಾರದು. ಗಾರು ಬಹಳ ಹೊತ್ತು ಸುಮ್ಮನಿದ್ದು, ‘ಮುಸಲಾಯನದೇ ಒರಿಜಿನಲ್’, ಮುದುಕನದೇ ಒರಿಜಿನಲ್ ಅಂತ ತೀರ್ಪು ಕೊಟ್ಟರು.

ಮೊನ್ನೆ ಕಾಲೋನಿಯ ಗಣೇಶೋತ್ಸವದ ಕರಾವೋಕೆ ಫಾರಂ ಬಂತು. ‘ಮೂಲ ಗಾಯಕರ ಹೆಸರು’ ಎಂಬ ಕಾಲಂ ಕಡ್ಡಾಯ, ಗಾರು ಸೇರಿಸಿದ್ದು. ‘ಜಗದೋದ್ಧಾರನ’ ಹಾಡುತ್ತೇನೆಂದು ಬರೆದು, ಆ ಕಾಲಂನಲ್ಲಿ ‘ಪುರಂದರದಾಸರು’ ಎಂದು ತುಂಬಿದೆ. ಖಜಾಂಚಿ ಹುಡುಗ ಓದಿ ನೋಡಿ, ‘ಅಂಕಲ್, ಇವರದು ಟ್ರ್ಯಾಕ್ ಯೂಟ್ಯೂಬಲ್ಲಿ ಸಿಗುತ್ತಾ?’ ಅಂತ ಕೇಳಿದ. ಗಾರು ಕಡೆ ಕೈ ತೋರಿಸಿದೆ.