ಭಾವ ಕಟ್ಟಿಸುವ ಕರೆಂಟ್ ಬಿಲ್ಲು

ಎರಡು ನಿಮಿಷದ ಕೆಲಸವನ್ನು ಎರಡೇ ನಿಮಿಷದಲ್ಲಿ ಮುಗಿಸುವವರನ್ನು ಕಂಡರೆ ನಮ್ಮ ಭಾವನಿಗೆ ಕನಿಕರ. "ಅದೇ ಕೆಲಸ ಮುಂದಿನ ತಿಂಗಳೂ ಬರುತ್ತಲ್ಲ, ಆಗೇನು ಮಾಡ್ತೀಯ?" ಎನ್ನುತ್ತಾರೆ. ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇಂಥವರು ಒಬ್ಬರಾದರೂ ಇರುತ್ತಾರೆ. ಮಧ್ಯರಾತ್ರಿಯಲ್ಲೂ ದೀಪ ಉರಿಯುವ ಮನೆ ಯಾವುದೆಂದು ನೋಡಿಕೊಂಡರೆ ಸಾಕು.

"ಕರೆಂಟ್ ಬಿಲ್ ಕಟ್ಟಿದ್ರಾ?" ಎಂದು ಅಕ್ಕ ಕೇಳಿದರೆ, "ಕಟ್ಟೋದಲ್ಲ ಕಣೇ, ಕಟ್ಟಿಸೋದು" ಎಂಬ ಉತ್ತರ. ಕಟ್ಟಬೇಕಾದದ್ದು ಪೈಥಾನ್.

ಮೊದಲು ಬಿಲ್ ಕಟ್ಟುವ ಪುಟದ ಎಚ್‌ಟಿಎಮ್‌ಎಲ್ ತರಿಸಿ ನೋಡಿದರು. ತಲೆಬರಹ ಬಂತು, ಬಿಲ್ಲಿನ ಮೊತ್ತ ಬರಲಿಲ್ಲ. ಈಗಿನ ಪುಟಗಳೇ ಹಾಗೆ. ಸರ್ವರ್ ಕಳಿಸುವುದು ಬರೀ ಚೌಕಟ್ಟು. ಬ್ರೌಸರಿನೊಳಗೆ ಜಾವಾಸ್ಕ್ರಿಪ್ಟ್ ಓಡಿದ ಮೇಲೆಯೇ ಮೊತ್ತ, ಬಟನ್ನು ಎಲ್ಲ ತುಂಬಿಕೊಳ್ಳುವುದು. ಹಾಗಾದರೆ ಬ್ರೌಸರನ್ನೇ ಕುಣಿಸೋಣವೆಂದು ಸೆಲೀನಿಯಂ ಹಿಡಿದರು. 2004ರಲ್ಲಿ ಷಿಕಾಗೋದ ಥಾಟ್‌ವರ್ಕ್ಸ್‌ನಲ್ಲಿ ಜೇಸನ್ ಹಗ್ಗಿನ್ಸ್ ಎಂಬಾತ, ಕಂಪನಿಯ ಖರ್ಚುವೆಚ್ಚದ ಅಪ್ಲಿಕೇಶನ್ನನ್ನು ಕೈಯಾರೆ ಪರೀಕ್ಷಿಸಿ ಪರೀಕ್ಷಿಸಿ ಬೇಸತ್ತು ಇದನ್ನು ಶುರುಮಾಡಿದ. ಭಾವ ಈ ಕಥೆಯನ್ನು ಗೃಹಪ್ರವೇಶದ ಪಂಕ್ತಿಯಲ್ಲೂ ಹೇಳುತ್ತಾರೆ. ಸಾರು ಬಡಿಸುವವನು ಸೌಟು ಹಿಡಿದು ಕಾಯುತ್ತಿರುತ್ತಾನೆ.

ಯಾರೂ ಮುಟ್ಟದೆ ಕ್ರೋಮ್ ತೆರೆದುಕೊಂಡು ಅಕೌಂಟ್ ನಂಬರು ತಾನಾಗಿ ಮೂಡಿದ ದಿನ ಅವರಮ್ಮ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟರು. ಭಕ್ತಿಗೋ ಭಯಕ್ಕೋ, ಯಾರೂ ಕೇಳಲಿಲ್ಲ.

ಸಿಗ್ನಲ್ ಹಸಿರಾಗುವ ಮೊದಲೇ ಹಾರ್ನ್ ಒತ್ತುವ ಈ ಮನುಷ್ಯ, ಸ್ಕ್ರಿಪ್ಟಿನಲ್ಲಿ ಮಾತ್ರ ಹೆಜ್ಜೆ ಹೆಜ್ಜೆಗೂ 5 ಸೆಕೆಂಡ್ ಸ್ಲೀಪ್ ಬರೆದರು. ಪುಟ ತುಂಬಲು 6 ಬೇಕಾಯಿತು. ಬಟನ್ ಕಾಣುವ ತನಕ ಕಾಯುವಂತೆ ತಿದ್ದಿದರು. ಕಂಡಿತು; ಒತ್ತುವಷ್ಟರಲ್ಲಿ ಪುಟ ಅದನ್ನು ಕಿತ್ತು, ಅದೇ ರೂಪಿನ ಇನ್ನೊಂದನ್ನು ಇಟ್ಟಿತ್ತು. 'ಸ್ಟೇಲ್ ಎಲಿಮೆಂಟ್' ಎಂದು ಎರರ್ ಬಂತು. ಇನ್ನು ಬಟನ್ನಿನ ಎಕ್ಸ್‌ಪಾತ್, ಅಂದರೆ ಪುಟದೊಳಗೆ ಅದರ ವಿಳಾಸ. ಅದನ್ನವರು ಎರಡನೇ ಮೇನು, ಮೂರನೇ ಕ್ರಾಸು, ಐದನೇ ಮನೆ ಎನ್ನುವ ಹಾಗೆ ಎಣಿಸಿ ಬರೆದಿದ್ದರು. ದೀಪಾವಳಿಗೆ ಯಾರೋ ಪುಟದ ಮೇಲೆ ಶುಭಾಶಯದ ಪಟ್ಟಿಯೊಂದನ್ನು ಸೇರಿಸಿದರು, ಎಣಿಕೆ ತಪ್ಪಿತು. ಸ್ಕ್ರಿಪ್ಟ್ ಹೋಗಿ ದೂರು ದಾಖಲಿಸಿತು. ಅದಕ್ಕೆ ನಂಬರೂ ಸಿಕ್ಕಿತು.

ಆಮೇಲೆ ಕ್ಯಾಪ್ಚಾ. ರಾತ್ರಿ ಒಂದು ಗಂಟೆಗೆ ಪೈಥಾನಿನ ಪರವಾಗಿ ಭಾವ ಕೂತು, ಟ್ರಾಫಿಕ್ ಲೈಟಿರುವ ಚೌಕಗಳನ್ನು ಒತ್ತಿ, ತಾವು ಮನುಷ್ಯರೆಂದು ರುಜುವಾತು ಮಾಡುತ್ತಿದ್ದರು. ಆಫೀಸಿನಲ್ಲಿ ಹೀಗೆ ಬ್ರೌಸರ್ ಕುಣಿಸುವ ಕೆಲಸಕ್ಕೆ ಅವರಿಗೆ ಒಳ್ಳೆಯ ಸಂಬಳ ಕೊಡುತ್ತಾರೆ, ಅದನ್ನೂ ಹೇಳಿಬಿಡಬೇಕು.

ಈಗ ಎಲ್ಲವನ್ನೂ ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ ಪ್ಲೇರೈಟ್‌ಗೆ ಬದಲಾಯಿಸಿದ್ದಾರೆ. ಬಟನ್ ಒತ್ತಲು ಸಿದ್ಧವಾಗುವ ತನಕ ಅದು ತಾನೇ ಕಾಯುತ್ತದೆ. ಮೊನ್ನೆ ಕಾಯಿತು. 30 ಸೆಕೆಂಡ್ ಕಾದು ಟೈಮ್‌ಔಟ್ ಆಯಿತು. ಅಕ್ಕ ಮಧ್ಯಾಹ್ನವೇ ಫೋನಿನಲ್ಲಿ ಬಿಲ್ ಕಟ್ಟಿದ್ದಳು. ಬಾಕಿಯೇ ಇಲ್ಲದ ಮೇಲೆ ಪುಟ ಬಟನ್ ಯಾಕೆ ತೋರಿಸೀತು?

"ಒಂದು ಮಾತು ಹೇಳಿ ಕಟ್ಟಬಾರದಾ?" ಎಂದರು ಭಾವ. "ಮುಂದಿನ ತಿಂಗಳು ಕಟ್ಟಬೇಡ ಕಣೇ, ಟೆಸ್ಟ್ ಮಾಡೋಕೆ ಬಾಕಿ ಬೇಕು."

ಅಕ್ಕ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. "ಆಗಲಿ. ಫ್ಯೂಸ್ ಕೀಳೋಕೆ ಲೈನ್‌ಮ್ಯಾನ್ ಬಂದರೆ ಅವರಿಗೂ ನೀವೇ ಹೇಳಿ, ಟೆಸ್ಟಿಂಗ್ ನಡೀತಾ ಇದೆ ಅಂತ."