ಸಂದಿಲ್ಲದ ಸುಖ

ಬಿಟಿಎಂ ಲೇಔಟಿನವರಿಗೆ ಸಂದು ಬಿಡದೆ ಬದುಕುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾವು ಸೀನುತ್ತೇವೆ; ಎರಡು ಬಸ್ಸುಗಳ ನಡುವೆ ಸ್ಕೂಟರ್ ತೂರುತ್ತದೆ. ಇನ್ನೂ ಸಂದು ಉಳಿದಿರುವುದು ಮರ ಕೊಯ್ಯುವ ಟೇಬಲ್ ಸಾ ಬ್ಲೇಡಿನ ಅಕ್ಕಪಕ್ಕ ಮಾತ್ರ.

ಯಂತ್ರದ ಜೊತೆ ಬರುವ, ಬ್ಲೇಡಿನ ಸುತ್ತ ಕೂರುವ ತಟ್ಟೆಯ ಬಾಯಿ ಅಗಲ, ಬ್ಲೇಡ್ ಓರೆಯಾಗಬೇಕಲ್ಲ! ಹಲ್ಲುಗಳು ಮೇಲಿನಿಂದ ಕೆಳಕ್ಕೆ ಕೊಯ್ಯುವಾಗ ಆಧಾರವಿಲ್ಲದ ಅಡಿಮೈ ಚಕ್ಕೆ ಏಳುತ್ತದೆ. ತೆಳು ಪಟ್ಟಿಗಳು ಸಂದಿಗೆ ಬಿದ್ದು ಸಿಕ್ಕಿಕೊಳ್ಳುತ್ತವೆ. ಮನೆಯವರು ಕಾರ್ಪೆಂಟರನ್ನು ಬೈಯುತ್ತಾರೆ, ಕಾರ್ಪೆಂಟರ್ ಪ್ಲೈವುಡ್ಡನ್ನು, ಪ್ಲೈವುಡ್ ಅಂಗಡಿಯವರು ಜಿಎಸ್‌ಟಿಯನ್ನು.

ಮದ್ದು ಝೀರೋ ಕ್ಲಿಯರೆನ್ಸ್ ಇನ್ಸರ್ಟ್: ಬ್ಲೇಡ್ ಕೊಯ್ಯುವಷ್ಟೇ, ಅಂದರೆ ಸುಮಾರು 3 ಮಿ.ಮೀ. ಸೀಳಿರುವ ತಟ್ಟೆ. ಕೊಳ್ಳೋಣವೆಂದರೆ ಮಾಡೆಲ್ಲಿಗೊಂದು ಅಳತೆ. ವಾರ್ಡ್‌ರೋಬ್ ಮಾಡಿಸಿ ಉಳಿದ ಪ್ಲೈವುಡ್ ತುಂಡೇ ಸಾಕು. ಹಳೆಯ ತಟ್ಟೆಯನ್ನು ಅಚ್ಚಾಗಿಟ್ಟು ಕತ್ತರಿಸಿ, ಮೂಲೆಗಳ ಸ್ಕ್ರೂ ತಿರುಗಿಸಿ ಮೇಜಿನ ಮಟ್ಟಕ್ಕೆ ತನ್ನಿ. ಬ್ಲೇಡನ್ನು ಪೂರ್ತಿ ಇಳಿಸಿ, ಅದು ಏಳುವ ಗೆರೆ ಬಿಟ್ಟು ರೀಪರ್ ಪಟ್ಟಿಯಿಂದ ತಟ್ಟೆಯನ್ನು ಅದುಮಿ ಕ್ಲಾಂಪ್ ಹಾಕಿ. ಮಷೀನ್ ಓಡಿಸಿ ನಿಧಾನ ಏರಿಸಿದರೆ ಬ್ಲೇಡೇ ತನ್ನ ಜಾಗ ಕೊರೆದುಕೊಳ್ಳುತ್ತದೆ. ಬೆರಳಿಗೆ ಅಲ್ಲಿ ಕೆಲಸವಿಲ್ಲ. ಇಳಿಸಿದರೂ 10 ಇಂಚಿನ ಬ್ಲೇಡ್ ತಾಗುತ್ತದೆಯೇ? ಮೊದಲ ಸೀಳಿಗೆ ಅದಕ್ಕಿಂತ ದಪ್ಪವಲ್ಲದ 8 ಇಂಚಿನದು ಹಾಕಿ. ಪ್ಲಗ್ ಕಿತ್ತು, ಮರದ ಸೀಳು ಮುಚ್ಚದಂತೆ ಬ್ಲೇಡಿನ ಹಿಂದೆ ನಿಲ್ಲುವ ರೈವಿಂಗ್ ನೈಫಿಗೆ ಜಾಗ ಮಾಡಿ. 45 ಡಿಗ್ರಿ ಓರೆಗೆ ಬೇರೆಯೇ ತಟ್ಟೆ.

ಆಮೇಲೆ ಅಂಚು ನೋಡಿ, ಬೆಣ್ಣೆ! ಜಯನಗರದ ನಿವೃತ್ತ ಮಾವನವರು ಕನ್ನಡಕ ಏರಿಸಿ, ಅಂಚು ಸವರಿ, ಮೆಚ್ಚಿ ಕೇಳುತ್ತಾರೆ: "ಅಲ್ರೀ, ಶೆಲ್ಫು ರೆಡಿಮೇಡೇ ಸಿಗತ್ತಲ್ಲ?"